ಖಾಲಿ ಕೋವಿ

ಶನಿವಾರ ಮಧ್ಯಾಹ್ನ ಕೊಟ್ಟಿಗೆಯ ಹಿಂದೆ ರೊವೀನಾ ಅಪ್ಪನ ಕೋವಿಯನ್ನು ಪರೀಕ್ಷಿಸಿದ ಕ್ರಮ ಹೀಗಿತ್ತು: ಮೊದಲು ಮರಳಿನ ಚೀಲವೊಂದನ್ನು ಹಲಗೆಯ ಮೇಲಿಟ್ಟು ನಳಿಗೆಯನ್ನು ಅದಕ್ಕೆ ಒರಗಿಸಿದಳು, ಆಮೇಲೆ ತಾನೇ ತಂದಿದ್ದ ಹೊಸ ಡಬ್ಬಿಯನ್ನು ಒಡೆದು ಐದು ತೋಟಾಗಳನ್ನು ತುಂಬಿದಳು, ಕೊನೆಗೆ ಬೇಲಿಗಂಬಕ್ಕೆ ಸಿಕ್ಕಿಸಿದ್ದ ರಟ್ಟಿಗೆ ಗುರಿಯಿಟ್ಟು ಬೆರಳಿನಿಂದ ಕೋವಿಯ ಕುದುರೆಯನ್ನು ಐದು ಸಲ ಎಳೆದಳು. ಎರಡು ಗುಂಡು ಹಾರಿದವು. ಮೂರನೆಯದು ‘ಟಕ್’ ಎಂದು ಸುಮ್ಮನಾಯಿತು. ನಾಲ್ಕನೆಯದು ಹಾರಿತು, ಐದನೆಯದು ಹಾರಲಿಲ್ಲ. ಹಾರಿದ ಮೂರರ ತೂತುಗಳೂ ರಟ್ಟಿನ ಮೇಲೆ ಒಂದಕ್ಕೊಂದು ಸಂಬಂಧವಿಲ್ಲದಂತೆ ಚದುರಿದ್ದವು.

ಹಿಂದೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತಿದ್ದ ಅಪ್ಪ ಎಲ್ಡನ್ ತೊಡೆ ತಟ್ಟಿದ.

“ನೋಡ್ದ್ಯಾ? ನಾ ಹೇಳಿದ್ರೆ ನಿಮ್ಮಮ್ಮ ನಂಬಲ್ಲ. ಎಷ್ಟು ಎಳೆದ್ರೂ ಹಾರಲ್ಲ, ಈಗ ಹಾರಿದ್ದೂ ತಾಗ್ಲಿಲ್ಲ. ಎಲೆ ಉದುರೋ ಕಾಲ ಬಂತು, ಒಂದೇ ಒಂದು ಅಳಿಲು ಮನೆಗೆ ತಂದಿಲ್ಲ ನಾನು.”

“ಅಗ್ಗದ ಕೋವಿ ಅಲ್ವಾ ಅಪ್ಪ. ಕಬ್ಬಿಣದಂಗಡೀಲಿ ಪೊರಕೆ ಪಕ್ಕ ನೇತುಹಾಕಿದ್ದನ್ನ ತಗೊಂಡ್ಬಂದ್ರೆ ಇನ್ನೇನಾಗತ್ತೆ?”

“ಆ ಪೊರಕೆ ಪಕ್ಕದ್ದೇ ಕಣೇ ನಿನ್ನ ಸಾಕಿದ್ದು. ಗಣಿ ಮುಚ್ಚಿದ ವರ್ಷ ನೀ ತಿಂದು ಉಬ್ಬಿದ್ದೆಲ್ಲ ಇದು ಹೊಡೆದ ಅಳಿಲೇ.”

ರೊವೀನಾ ನಕ್ಕಳು. ಅವನು ನಗಲಿಲ್ಲ. ಗಣಿಯ ಕರಿ ಇನ್ನೂ ಕೂತಿದ್ದ ಉಗುರುಗಳನ್ನು ನೋಡಿಕೊಳ್ಳುತ್ತಾ ದನಿ ತಗ್ಗಿಸಿದ.

“ಮಗಳೇ, ಕೆಟ್ಟಿರೋದು ಇದೋ, ನಾನೋ? ಅದೊಂದನ್ನ ಹೇಳು. ಪಟ್ಟಣದಲ್ಲಿ ನೀರು ಪರೀಕ್ಷೆ ಮಾಡಿ ವಿಷ ಐತೋ ಇಲ್ವೋ ಅಂತ ಹೇಳ್ತೀಯಲ್ಲ, ಹಂಗೆ. ಮುಲಾಜು ಬೇಡ.”

ಕೋವಿಯನ್ನು ಅಡುಗೆಮನೆಯ ಮೇಜಿನ ಮೇಲೆ ಹಾಸಿದ ಹಳೆಯ ಟವೆಲ್ಲಿನ ಮೇಲೆ ಬಿಚ್ಚಿದಳು. ಎದುರಿಗೆ ಅಮ್ಮ ಓಪಲ್, ಚಳಿಗಾಲಕ್ಕೆ ಒಣಗಿಸಲು ಬೀನ್ಸ್ ಕಾಯಿಗಳನ್ನು ಸೂಜಿದಾರದಲ್ಲಿ ಪೋಣಿಸುತ್ತಿದ್ದಳು. ಗುಂಡುಗಳು ಚದುರಿದ್ದಕ್ಕೆ ಕಾರಣ ಬೇಗನೆ ಸಿಕ್ಕಿತು: ನಳಿಗೆಯನ್ನು ಮರದ ಹಿಡಿಗೆ ಬಿಗಿಯುವ ತಿರುಪು ಸಡಿಲವಾಗಿ, ಪ್ರತಿ ಗುಂಡಿಗೂ ನಳಿಗೆ ಕೂದಲೆಳೆಯಷ್ಟು ಜಾಗ ಬದಲಿಸುತ್ತಿತ್ತು. ಅವಳು ಅದನ್ನು ಬಿಗಿದಳು. ನಳಿಗೆಯೊಳಗೆ ಅಂಟಿದ್ದ ಸೀಸದ ಮಸಿಯನ್ನು ಬಟ್ಟೆಯ ತುಂಡುಗಳಿಂದ, ಕೊನೆಯ ತುಂಡು ಬೆಳ್ಳಗೆ ಹೊರಬರುವವರೆಗೆ ಉಜ್ಜಿ ತೆಗೆದಳು. ನಂತರ ತೋಟಾ ಕೂರುವ ನಳಿಗೆಯ ಹಿಂಬಾಯಿಗೆ ಟಾರ್ಚು ಬಿಟ್ಟು ನೋಡಿದಳು. ತೋಟಾದ ಹಿಂದೆ ಮುಚ್ಚಿಕೊಳ್ಳುವ ಬೋಲ್ಟಿನ ಪಿನ್ನು ಬಡಿಯುವ ಕಡೆ, ಬಾಯಿಯ ಅಂಚಿನಲ್ಲಿ ಆಳವಾದ ತಗ್ಗೊಂದು ಹೊಳೆಯಿತು. ಅಲ್ಲಿಂದ ಎದ್ದ ಉಕ್ಕು ಒಳಕ್ಕೆ ಚಾಚಿ, ತೋಟಾ ಪೂರ್ತಿ ಕೂರದಂತೆ ತಡೆಯುತ್ತಿತ್ತು. ಕೂರದ ತೋಟಾಕ್ಕೆ ಪೆಟ್ಟು ಸರಿಯಾಗಿ ಬೀಳುವುದಿಲ್ಲ. ಆದ್ದರಿಂದಲೇ ಆ ‘ಟಕ್’.

ಅವಳು ಟಾರ್ಚನ್ನು ಆರಿಸಿದಳು. ಕೋವಿ ಮುಟ್ಟಲು ಬಿಡುವ ಮೊದಲು ಅಪ್ಪ ಅವಳಿಗೆ ಕಲಿಸಿದ್ದು ಒಂದೇ ನಿಯಮ. ಈ ಜಾತಿಯ ತೋಟಾವನ್ನು ಸಿಡಿಸುವ ಮದ್ದು ಅದರ ಅಂಚಿನಲ್ಲಿರುತ್ತದೆ, ಪಿನ್ನು ಬಡಿಯುವುದೂ ಅಂಚಿಗೇ. ಒಳಗೆ ತೋಟಾ ಇಲ್ಲದಿದ್ದರೆ ಅದು ನಳಿಗೆಗೇ ಬಡಿಯುತ್ತದೆ. ‘ಖಾಲಿ ಕೋವಿಯ ಕುದುರೆ ಎಳೆಯೋದೂ ಒಂದೇ, ಅದರ ಬಾಯಿಗೆ ಉಳಿ ಇಟ್ಟು ಬಡಿಯೋದೂ ಒಂದೇ.’ ಒಮ್ಮೆ ಆಟಕ್ಕೆಂದು ಹಾಗೆ ಎಳೆದ ತನ್ನ ಸ್ವಂತ ತಮ್ಮನನ್ನು ಅವನು ಅಂಗಳದಿಂದ ಹೊರಗಟ್ಟಿದ್ದ.

“ಅಮ್ಮ, ಇದನ್ನ ಯಾರಿಗಾದ್ರೂ ಕೊಟ್ಟಿದ್ರಾ?”

“ಯಾರಿಗೆ ಕೊಡ್ತಾರೆ ಅದನ್ನ.”

“ಯಾರೋ ಖಾಲಿ ಇಟ್ಕೊಂಡು ಹೊಡೆದವ್ರೆ. ಒಂದು ಸಲ ಎರಡು ಸಲ ಅಲ್ಲ. ತಿಂಗಳುಗಟ್ಟಲೆ.”

ಓಪಲ್‌ಳ ಸೂಜಿ ಕಾಯಿಯ ನಡುವೆ ನಿಂತಿತು. ಹೊರಗೆ ಎಲ್ಡನ್ ಕೋಳಿಗಳನ್ನು ಬೈಯುತ್ತಿರುವುದು ಕೇಳಿಸುತ್ತಿತ್ತು. ಅವಳು ತಾನು ತೊಟ್ಟಿದ್ದ ಕಂದು ಸ್ವೆಟರಿನ ಅಂಚನ್ನು ಎಳೆದು ಮೇಜಿನ ಮೇಲಿಟ್ಟಳು. ಎರಡು ಕಡೆ, ಬಣ್ಣ ಹೊಂದದ ಉಣ್ಣೆಯಿಂದ ರಫು ಮಾಡಿತ್ತು.

“ವಸಂತದಲ್ಲಿ ಇದನ್ನ ತಂತಿ ಮೇಲೆ ಒಣಗಾಕಿದ್ದೆ. ನಾನು ಅದರ ಹಿಂದ್ಗಡೆನೇ ದುಪ್ಪಟಿ ಹಿಂಡ್ತಾ ಇದ್ದೆ. ಕೋಳಿಗೂಡಿಗೆ ನರಿ ಬಂತು ಅಂದ್ಕೊಂಡು ನಿಮ್ಮಪ್ಪ ಹೊಡೆದ್ರು.” ಸ್ವಲ್ಪ ತಡೆದು, “ಒಳ್ಳೇ ಗುರಿನೇ,” ಎಂದಳು.

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀ ಬಂದು ಕೋವಿ ತಗೊಂಡು ಹೋಗ್ತಿದ್ದೆ. ನಾನೂ ಒಂದಿನ ಬಚ್ಚಿಟ್ಟೆ. ಕತ್ತಲಾಗೋವರೆಗೂ ಅಂಗಳದಲ್ಲಿ ನಿಂತ್ಕೊಂಡು ಹುಡುಕಿದ್ರು, ಮಕ್ಕಳ ಹಂಗೆ ಅತ್ರು. ಅದು ತೊಡೆ ಮೇಲಿದ್ರೆ ಊಟ ಮಾಡ್ತಾರೆ, ಮಲಗ್ತಾರೆ. ಅದಕ್ಕೆ ದಿನಾ ಬೆಳಿಗ್ಗೆ ತೋಟಾ ತೆಗೆದು ಹಿಟ್ಟಿನ ಡಬ್ಬೀಲಿ ಹಾಕ್ತೀನಿ. ಅವ್ರು ಮರದ ಕೆಳಗೆ ಕೂತು ಟಕ್, ಟಕ್. ಒಳಗೆ ಬಂದು, ಇವತ್ತೂ ಸಿಗ್ಲಿಲ್ಲ ಕಣೇ ಅಂತಾರೆ. ನಾಳೆ ಸಿಗತ್ತೆ ಬಿಡಿ ಅಂತೀನಿ.”

ರೊವೀನಾ ಮತ್ತೆ ನಳಿಗೆಯನ್ನು ಕೈಗೆತ್ತಿಕೊಂಡಳು. ಚೂಪಾಗುತ್ತ ಹೋಗುವ ಉಕ್ಕಿನ ಸರಳೊಂದಕ್ಕೆ ಎಣ್ಣೆ ಹಚ್ಚಿ, ಅದರ ಹಿಂಬಾಯಿಗೆ ತೂರಿಸಿ, ಒಳಕ್ಕೆ ಚಾಚಿದ್ದ ಉಕ್ಕನ್ನು ನಿಧಾನವಾಗಿ ಅದರ ಜಾಗಕ್ಕೆ ಒತ್ತುತ್ತಾ ಬಂದಳು. ಕೊನೆಗೆ ತೋಟಾವೊಂದು ಬೆರಳ ತುದಿಯ ಒತ್ತಿಗೇ ಒಳಗೆ ಜಾರಿ ಕುಳಿತಿತು. ತಗ್ಗಿನ ಗುರುತು ಮಾತ್ರ ಉಳಿಯಿತು.

ಮತ್ತೆ ಕೊಟ್ಟಿಗೆಯ ಹಿಂದೆ, ಅದೇ ಚೀಲ, ಅದೇ ಡಬ್ಬಿ, ಹೊಸ ರಟ್ಟು. ಐದೂ ಹಾರಿದವು. ಐದೂ ತೂತುಗಳ ಮೇಲೆ ಸೋಡಾ ಬಾಟಲಿಯ ಒಂದು ಮುಚ್ಚಳವಿಟ್ಟರೆ ಎಲ್ಲವೂ ಮುಚ್ಚಿಹೋಗುತ್ತಿದ್ದವು. ಎಲ್ಡನ್ ರಟ್ಟನ್ನು ಕಿತ್ತುತಂದು ಬೆಳಕಿಗೆ ಹಿಡಿದು ನೋಡಿದ. ಅವನ ಮುಖಕ್ಕೆ ಹಿಂದಿನ ಕಳೆ ಮರಳಿತು.

“ಭಲೆ! ಯಾರ ಮಗಳು ಹೇಳು!” ಎಂದು ಕೈ ಚಾಚಿದ. “ಈಗ ನಂಗೆ ಕೊಡು. ನಾನು ಹೊಡೀದೆ ನಿನ್ನ ಪರೀಕ್ಷೆ ಮುಗಿಯಲ್ಲ.”

ಅದು ನಿಜವಾಗಿತ್ತು. ಕೋವಿ ಅದೇ, ತೋಟಾ ಅದೇ, ದೂರ ಅದೇ, ಬದಲಾಗಬೇಕಾದದ್ದು ಹೊಡೆಯುವ ಕೈಯೊಂದೇ. ಅಮ್ಮ ಒಳಗಿದ್ದಾಳೆ ಎಂಬ ಧೈರ್ಯದ ಮೇಲೆ ರೊವೀನಾ ಒಂದು ತೋಟಾ ಹಾಕಿ ಬೋಲ್ಟನ್ನು ಮುಚ್ಚಿ ಕೊಟ್ಟು, ಅವನ ಭುಜಕ್ಕೆ ತಾಗುವಂತೆ ನಿಂತಳು.

ಎಲ್ಡನ್‌ನ ಕೆನ್ನೆ ಕೋವಿಯ ಮರದ ಹಿಡಿಗೆ ತಾನಾಗಿಯೇ ಒರಗಿತು. ಅವನ ಕೈ ಒಂದಿಷ್ಟೂ ನಡುಗಲಿಲ್ಲ. ಅವನು ಉಸಿರನ್ನು ಅರ್ಧ ಬಿಟ್ಟು ಹಿಡಿದ. ಆಮೇಲೆ ನಳಿಗೆ ಬೇಲಿಗಂಬವನ್ನು ಬಿಟ್ಟು ಎಡಕ್ಕೆ, ಒಂದೇ ಮಟ್ಟದಲ್ಲಿ, ಆತುರವಿಲ್ಲದೆ ತಿರುಗತೊಡಗಿತು.

“ಶ್... ಅಗೋ. ಮತ್ತೆ ಬಂತು.”

ಬೀನ್ಸ್ ಬಳ್ಳಿಗಳ ಒಣಗಿದ ಕೋಲುಗಳ ನಡುವೆ ಕಂದು ಬಣ್ಣ ಸರಿದಾಡುತ್ತಿತ್ತು. ಓಪಲ್ ಅವರಿಬ್ಬರನ್ನು ಕರೆಯಲು ಬರುತ್ತಿದ್ದಳು.

ರೊವೀನಾ ಅಂಗೈಯನ್ನು ನಳಿಗೆಯ ಮೇಲಿಟ್ಟು ನೆಲಕ್ಕೆ ಒತ್ತಿದಳು. ಇನ್ನೊಂದು ಕೈಯಿಂದ ಬೋಲ್ಟನ್ನು ಎಳೆದಳು. ತೋಟಾ ಹಾಗೇ ಇಡಿಯಾಗಿ ಹುಲ್ಲಿನ ಮೇಲೆ ಬಿತ್ತು. ಅವಳು ಅದರ ಮೇಲೆ ಕಾಲಿಟ್ಟಳು.

“ಜೋಳದ ರೊಟ್ಟಿ ಆರೋಗ್ತಾ ಐತೆ, ಬನ್ನಿ ಇಬ್ರೂ!” ಎಂದ ಓಪಲ್ ಮಗಳ ಮುಖ ಕಂಡು ಅಲ್ಲೇ ನಿಂತಳು. ಸ್ವೆಟರಿನ ಅಂಚನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು.

ಎಲ್ಡನ್ ಕೈಯಲ್ಲಿದ್ದ ಕೋವಿಯನ್ನು ನೋಡಿದ.

“ಹಾರಲಿಲ್ವಾ?”

“ಇಲ್ಲ ಅಪ್ಪ.”

“ನನ್ನ ಗುರಿ ಸರಿಯಾಗಿತ್ತು.”

“ಸರಿಯಾಗಿತ್ತು.”

“ಹಂಗಾದ್ರೆ?” ಎಂದು ಅವನು ಮುಲಾಜು ಬೇಡ ಎಂದಾಗಿನ ಕಣ್ಣುಗಳಿಂದಲೇ ಅವಳನ್ನು ನೋಡಿದ.

“ಕೆಟ್ಟಿರೋದು ಕೋವಿ, ಅಪ್ಪ.”