ಸೆಲೆಯ ಕಣ್ಣು

“ಕೇಳಿಸ್ತಾ ಇದೆಯೇನಪ್ಪಾ?” ಎಂದಿತು ಫೋನು. ಆ ‘ಅಪ್ಪಾ’ಗೇ ಅವನು ಅರ್ಧ ಕರಗಿದ. ಈ ಭಾಷೆಯಲ್ಲಿ ಅಕ್ಕನನ್ನು ಬಿಟ್ಟು ಬೇರೆ ಯಾರಾದರೂ ಅವನನ್ನು ಮಾತಾಡಿಸಿ ವರ್ಷಗಳೇ ಆಗಿದ್ದವು.

ಆ ಕಡೆ ಇದ್ದವಳು ಕಡಲಾಚೆಯ ದ್ರಾಕ್ಷಿ ತೋಟದ ಕೂಲಿ ಹೆಂಗಸು. ತೋಟದ ಕೂಲಿಗಳ ದೂರು ಕೇಳಲೆಂದು ಮೇಜಿನೆದುರು ಕೂತವನು ಆ ದ್ರಾಕ್ಷಿಯನ್ನು ತರಿಸಿ ಅಗ್ಗಕ್ಕೆ ಮಾರುವ ಕಂಪನಿಯ ಮ್ಯಾನೇಜರ್. ನಡುವೆ ಅವನು, ದುಭಾಷಿ. ಬಾಡಿಗೆ ನಾಲಿಗೆ ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವುದು ಅವನಿಗೆ ರೂಢಿ.

“ಔಷಧಿ ಹೊಡೆಯೋವಾಗ ನಮ್ಮನ್ನ ಸಾಲಿಂದ ಎಬ್ಬಿಸಲ್ಲ. ಕೀಳ್ತಾನೇ ಇರ್ಬೇಕು. ಉಗುರೆಲ್ಲ ಉದುರ್ತಾ ಇದೆ.”

“ಚರ್ಮಕ್ಕೆ ಸ್ವಲ್ಪ ತೊಂದರೆಯಂತೆ,” ಎಂದು ಅವನು ತರ್ಜುಮೆ ಮಾಡಿದ.

“ಗ್ಲೌಸ್ ಕಳಿಸೋಣ. ಮುಂದೆ?”

“ತೋಟದವರು ಬೋರು ಆಳಕ್ಕೆ ಇಳಿಸಿದ್ರು. ನಮ್ಮ ಕೇರಿ ಬಾವೀಲಿ ಸೆಲೆ ಕಣ್ಣು ಮುಚ್ಕೊಂತು.”

ಸೆಲೆ ಕಣ್ಣು. ಅಮ್ಮನ ಮಾತು ಅದು. ಬಾವಿಯ ಹೂಳೆತ್ತಿದ ಬೆಳಿಗ್ಗೆ ಕಟ್ಟೆಗೆ ಹೊಟ್ಟೆಯೂರಿ ಬಗ್ಗಿ, “ಸೆಲೆ ಕಣ್ಣು ಬಿಡ್ತು ಕಣೋ, ನೋಡು ಬಾ,” ಎಂದು ಕರೆದಿದ್ದಳು. ಅವನು ಬೀಳದಂತೆ ಅಕ್ಕ ಚಡ್ಡಿ ಹಿಡಿದುಕೊಂಡಿದ್ದಳು. ಕೆಳಗೆ ಕೆಸರಿನಲ್ಲಿ ಒಸರುವ ನೀರು ಬೆಳ್ಳಗೆ ಮಿಟುಕಿತ್ತು. ಅಮ್ಮನ ಮೈಯಿಂದ ಹಸಿಮಣ್ಣಿನ ವಾಸನೆ. ಮೊದಲ ಕೊಡದ ನೀರು ಕದಡಿತ್ತು. ಆದರೂ ಮೂವರೂ ಬೊಗಸೆಯೊಡ್ಡಿ ಕುಡಿದಿದ್ದರು. ಆ ತಂಪು ಈಗ ಗಂಟಲಲ್ಲಿ ಇಳಿಯಿತು. ಎಷ್ಟು ಹೊತ್ತು ಹಾಗೆ ಕೂತಿದ್ದನೋ, ಫೋನಿನ ಮಾತು ಕಿವಿಗೇ ಬಿದ್ದಿರಲಿಲ್ಲ.

“...ಮೂರನೇದೂ ಉಳೀಲಿಲ್ಲ,” ಎಂದು ಹೆಂಗಸು ಮಾತು ಮುಗಿಸಿದಳು.

“ಏನಂತೆ?” ಮ್ಯಾನೇಜರ್ ಕೇಳಿದ.

ಇನ್ನೊಮ್ಮೆ ಹೇಳಮ್ಮಾ ಎನ್ನಬಹುದಿತ್ತು. ಎನ್ನಲಿಲ್ಲ. “ನೀರಿನ ಸಮಸ್ಯೆ.”

“ಅಷ್ಟೇನಾ? ಇಷ್ಟುದ್ದ ಮಾತಾಡಿದಳಲ್ಲ.”

“ಅಷ್ಟೇ. ಅವರ ಮಾತೇ ಹಾಗೆ.”

“ಅವರಿಗೆ ಹೇಳಿದ್ಯೇನಪ್ಪಾ?” ಎಂದಿತು ಫೋನು.

“ಹೇಳ್ದೆ ಅಮ್ಮಾ.”

ಹೊರಡುವಾಗ ಮ್ಯಾನೇಜರ್ ಒಂದು ಡಬ್ಬಿ ದ್ರಾಕ್ಷಿ ಕೈಗಿಟ್ಟ.

ಸಂಜೆ ಮನೆಗೆ ಬಂದವನೇ ಅಕ್ಕನಿಗೆ ಫೋನ್ ಮಾಡಿದ. “ಇವತ್ತೊಬ್ಬಳು ‘ಸೆಲೆ ಕಣ್ಣು’ ಅಂದ್ಲು ಕಣೇ.” ಅಕ್ಕ ನಕ್ಕಳು. ಬಾವಿಕಟ್ಟೆಯ ಮೇಲೇ ಕೂತವರಂತೆ ಇಬ್ಬರೂ ಹರಟಿದರು. ಹಗ್ಗ, ಗಡಗಡೆ, ಅಮ್ಮನ ಬೈಗುಳ. ಅವನಿಗೆ ಎದೆ ತುಂಬಿ ಬಂತು.

“ಪಾಪ, ಏನಾಗಿತ್ತಂತೆ ಅವಳಿಗೆ?”

“ಮೂರನೇದೂ ಉಳೀಲಿಲ್ಲ ಅಂತಿದ್ಲು.”

“ಮೂರನೇದು ಏನೋ? ಬಾವೀನಾ, ಮಗೂನಾ?”

ಅವನು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ. ಒಂದು ಹಣ್ಣು ಜಾರಿ ನೆಲಕ್ಕೆ ಬಿತ್ತು. ಗೋಡೆಯಂಚಿನಿಂದ ಇರುವೆಸಾಲು ಹರಿದುಬರುತ್ತಿತ್ತು. ಮುಂದಿನ ಇರುವೆ ಹಣ್ಣನ್ನು ಮೀಸೆಯಿಂದ ತಡವಿ, ಔಷಧಿಯ ನಾತಕ್ಕೋ ಏನೋ ಹಿಂಜರಿದು, ಸುತ್ತಿ ಹೋಯಿತು.

“ಹಲೋ? ಇದ್ದೀಯೇನೋ?” ಎನ್ನುತ್ತಿದ್ದಳು ಅಕ್ಕ.

ಹಿಂದಿನಿಂದ ಬಂದ ಇರುವೆಗಳು ತಡವಿ ನೋಡಲೂ ಇಲ್ಲ. ಮುಂದಿನದು ಹಾಕಿಕೊಟ್ಟ ಬಳಸುದಾರಿಯನ್ನೇ ಹಿಡಿದು ಒಂದರ ಹಿಂದೊಂದು ಶಿಸ್ತಾಗಿ ಸಾಗಿದವು.