ಗದ್ದಕ್ಕೆ ಹಾಕಿದ ಹೊಲಿಗೆ

"ಉಸ್ರು ಬಿಡಕ್ಕೂ ನಿಂಗೆ ವಾಲಗ ಬೇಕೇನ್ಲಾ, ಬೋಳಿಮಗನೆ? ಅತ್ಲಾಗೋಗಿ ಬಿಡು ಓಗು."

ಕಾಮಸಮುದ್ರದ ಆಚೆ, ಟೊಮೆಟೊ ತೋಟದ ಬದುವಿನ ಮೇಲೆ ಕೂತಿದ್ದ ಮುನಿಸ್ವಾಮಪ್ಪಗೌಡರಿಗೆ ಆಳು ಸೊಣ್ಣಪ್ಪನ ಉಸಿರಿನ ಸದ್ದಿಗೆ ಕಾಫಿ ರುಚಿಸಲಿಲ್ಲ. ಎಳೆದರೆ ಕುಯ್ಯ್ ಅನ್ನುತ್ತಿತ್ತು, ಬಿಟ್ಟರೆ ಗೊರ್ರ್ ಅನ್ನುತ್ತಿತ್ತು. ಬಂಗಾರಪೇಟೆ ಪ್ಯಾಸೆಂಜರು ಬಂತು ಅಂತ ಕೂಲಿಯವರು ನಗುತ್ತಿದ್ದರು. ಸೊಣ್ಣಪ್ಪನೂ ನಗಲು ನೋಡಿದ, ನಗುವಷ್ಟು ಗಾಳಿ ಒಳಗೆ ಹೋಗಲಿಲ್ಲ.

ಎರಡು ತಿಂಗಳ ಹಿಂದೆ ಇದೇ ತೋಟಕ್ಕೆ ಹುಳದ ಔಷಧಿ ಹೊಡೆದವನು ಅವನು. ಬೆನ್ನಿನ ಕ್ಯಾನು ಸೋರುತ್ತದೆ ಎಂದದ್ದಕ್ಕೆ ಗೌಡರು ಕ್ಯಾನಿಗೂ ಬೆನ್ನಿಗೂ ನಡುವೆ ಒಂದು ಗೋಣಿತಾಟು ಕಟ್ಟಿಕೊಳ್ಳಲು ಹೇಳಿದ್ದರು. ಗೋಣಿ ಔಷಧಿಯನ್ನೆಲ್ಲ ಕುಡಿದು ಸಂಜೆತನಕ ಬೆನ್ನಿಗೆ ಅಂಟಿಕೊಂಡಿತ್ತು. ಕೊನೆಯ ಸಾಲಿನಲ್ಲಿ ಅವನು ಬಾಯಲ್ಲಿ ನೊರೆ ಬಂದು ಬಿದ್ದ. ಬೆಂಗಳೂರಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಬಾಯಿಂದ ಗಂಟಲೊಳಕ್ಕೆ ಕೊಳವೆ ಇಳಿಸಿ, ಒಂದು ಮಿಷನ್ನು ಅವನ ಬದಲು ಉಸಿರಾಡಿತು. ಅವನ ಬದಲು ಇನ್ನೊಬ್ಬರು ದುಡಿದದ್ದು ಅದೊಂದೇ ಸಲ.

ಅವನು ಹೆಂಡತಿಯ ಜೊತೆ ಜಗಳವಾಡಿ ಔಷಧಿ ಕುಡಿದ ಅಂತ ಗೌಡರು ಠಾಣೆಯಲ್ಲಿ ಹೇಳಿ ಬಂದಿದ್ದರು. ಸೊಣ್ಣಪ್ಪನ ಹೇಳಿಕೆಯೊಂದು ಬಾಕಿ ಇತ್ತು. ಅವನಿಗೋ ಮಾತಿಗಿಂತ ಉಸಿರೇ ಕಷ್ಟವಾಗಿತ್ತು. ಕೊಳವೆ ಒತ್ತಿದ ಜಾಗದಲ್ಲಿ ಗಾಯ ಮಾಗಿ, ಗಟ್ಟಿಯಾಗಿ, ಉಸಿರುನಾಳವನ್ನು ಒಳಗಿಂದಲೇ ಮುಚ್ಚುತ್ತಾ ಬರುತ್ತಿತ್ತು. ಕೆಜಿಎಫ್‌ನ ಡಾಕ್ಟರು ಅಸ್ತಮಾ ಎಂದು ಮಾತ್ರೆ ಕೊಟ್ಟರು. ತುಟಿ ನೀಲಿಯಾದ ದಿನ ಹೆಂಡತಿ ಕದಿರಮ್ಮ ಅವನನ್ನು ಮತ್ತೆ ಬೆಂಗಳೂರಿನ ರೈಲು ಹತ್ತಿಸಿದಳು.

ಅಲ್ಲಿನ ಡಾಕ್ಟರು ಕತ್ತು ಕೊಯ್ದು, ಮುಚ್ಚಿಕೊಂಡಿದ್ದ ಎರಡು ಬೆರಳಗಲ ನಾಳವನ್ನು ತೆಗೆದು, ಉಳಿದ ಎರಡು ತುದಿಗಳನ್ನು ಎಳೆದು ಜೋಡಿಸಿದರು. ತಲೆ ಎತ್ತಿದರೆ ಜೋಡಣೆ ಕಿತ್ತುಬರುತ್ತದೆ ಎಂದು ಎರಡು ದಪ್ಪ ದಾರದಿಂದ ಗದ್ದವನ್ನು ಎದೆಗೆ ಹೊಲಿದರು. ಮಾತೂ ಕೂಡದು. ಹತ್ತು ದಿನ ಹೀಗೆ ತಲೆ ತಗ್ಗಿಸಿಕೊಂಡೇ ಇರಬೇಕಮ್ಮ, ಕಷ್ಟವಾಗುತ್ತೆ, ಎಂದು ಡಾಕ್ಟರು ನೊಂದುಕೊಂಡರು.

"ಅದೊಂದು ಅಬ್ಯಾಸ ಐತೆ ಬುಡಿ ಸ್ವಾಮಿ" ಎಂದಳು ಕದಿರಮ್ಮ.

ನಾಲ್ಕನೇ ದಿನ ಮಂಚದ ಪಕ್ಕ ಕಿರ್ರೆನ್ನುವ ಚಪ್ಪಲಿ ಬಂದು ನಿಂತವು. ಮುಖ ಕಾಣದಿದ್ದರೂ ಯಾರೆಂದು ಸೊಣ್ಣಪ್ಪ ಕೇಳಬೇಕಿರಲಿಲ್ಲ, ಆ ಚಪ್ಪಲಿಯ ಕೆಸರು ಒರೆಸುತ್ತಿದ್ದವನೇ ಅವನು. ಜೊತೆಗೊಂದು ಜೊತೆ ಬೂಟು. ಬೂಟಿನ ದಫೇದಾರ ಕಾಗದ ಓದಿದ: ಮನಸ್ಸಿಗೆ ಬೇಜಾರಾಗಿ ನಾನಾಗಿಯೇ ಔಷಧಿ ಕುಡಿದಿರುತ್ತೇನೆ. ಸರಿ ತಾನೆ, ಎಂದು ಕೇಳಿದ. ಸೊಣ್ಣಪ್ಪ ಕೈ ಅಲ್ಲಾಡಿಸಿದ. ದಫೇದಾರ ಕೈ ನೋಡಲಿಲ್ಲ, ತಲೆ ನೋಡಿದ. ತಲೆ ತಗ್ಗಿಸಿ ಒಪ್ಪಿಕೊಂಡಿರುತ್ತಾನೆ, ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಬರೆದ.

"ಒಲಿಗೆ ಆಕವ್ರೆ ಕಣ್ ಸ್ವಾಮಿ. ಒಪ್ಕಂಡಿಲ್ಲ" ಎಂದಳು ಕದಿರಮ್ಮ.

ದಫೇದಾರ ಬಗ್ಗಿ ದಾರ ನೋಡಿ ಮುಜುಗರಪಟ್ಟ. ಗೌಡರಿಗೇನೂ ಅನ್ನಿಸಲಿಲ್ಲ. ಹೊಲಿಗೆ ಇಲ್ಲದಿದ್ದರೂ ನಮ್ಮ ಸೊಣ್ಣ ಹೀಗೇ ಇರುತ್ತಾನೆ, ಹೆಬ್ಬೆಟ್ಟು ಒತ್ತಿಸಿಕೊಳ್ಳಿ ಎಂದರು. ಸೊಣ್ಣಪ್ಪ ಹೆಬ್ಬೆಟ್ಟನ್ನು ಒಳಗಿಟ್ಟು ಮುಷ್ಟಿ ಬಿಗಿದ. ಅಷ್ಟರಲ್ಲಿ ನರ್ಸಮ್ಮ ಬಂದು, ಹೊಲಿಗೆ ಬಿಚ್ಚುವ ದಿನ ಬನ್ನಿ ಎಂದು ಇಬ್ಬರನ್ನೂ ಹೊರಗೆ ಕಳಿಸಿದಳು.

ಅವರು ಹೋದ ಮೇಲೆ ಕದಿರಮ್ಮ ಮುಚ್ಚಿಟ್ಟಿದ್ದ ಸುದ್ದಿ ಹೇಳಿದಳು. ಕ್ಯಾನು ಈಗ ಅವನ ತಮ್ಮ ಬಚ್ಚಪ್ಪನ ಬೆನ್ನ ಮೇಲಿತ್ತು. ಅದೇ ಸೋರುವ ಮುಚ್ಚಳ, ಅದೇ ಗೋಣಿ. ಹೆದರಿ ಒಲ್ಲೆ ಎಂದವನಿಗೆ, ನಿಮ್ಮಣ್ಣ ಕುಡಿದು ಬಿದ್ದದ್ದು, ನಾಳೆ ಅವನೇ ಬರೆದುಕೊಡ್ತಾನೆ ನೋಡು ಎಂದಿದ್ದರಂತೆ ಗೌಡರು. ಸೊಣ್ಣಪ್ಪನಿಗೆ ಮೈಯೆಲ್ಲ ಉರಿಯಿತು. ಉರಿದುಕೊಂಡೇ ಆರು ದಿನ ತನ್ನ ಹೊಟ್ಟೆಯನ್ನೇ ನೋಡುತ್ತಾ ಕೂತ.

ಹತ್ತನೇ ದಿನ ದಾರ ಕತ್ತರಿಸಿದರು. ಇನ್ನೂ ಒಂದು ತಿಂಗಳು ಹುಷಾರು, ನಿಧಾನವಾಗಿ ಎತ್ತು, ಎದುರಿಗೆ ನೋಡುವಷ್ಟೇ ಸಾಕು ಎಂದರು ಡಾಕ್ಟರು. ಅವರು ಆಚೆ ಹೋಗುತ್ತಲೇ ಚಪ್ಪಲಿ ಬಂದವು. ಬೂಟು ಬಂದವು. ಮಸಿಯ ಡಬ್ಬಿಯೂ ಬಂತು.

ಸೊಣ್ಣಪ್ಪ ತಲೆ ಎತ್ತತೊಡಗಿದ. ಪಂಚೆಯ ಅಂಚು ಕಂಡಿತು, ಅಂಗಿಯ ಗುಂಡಿ ಕಂಡಿತು, ಆಮೇಲೆ ಮುಖ ಕಂಡಿತು. ಇಪ್ಪತ್ತು ವರ್ಷ ದುಡಿದರೂ ಗೌಡರ ಗದ್ದದ ಮೇಲೊಂದು ನರುಳ್ಳೆ ಇರುವುದು ಅವನಿಗೆ ಗೊತ್ತಿರಲಿಲ್ಲ.

"ನಾನು ಕುಡೀಲಿಲ್ಲ" ಎಂದ. ದನಿ ಒಡೆದಿತ್ತು, ಉಸಿರಿಗೆ ಮಾತ್ರ ಸದ್ದಿರಲಿಲ್ಲ. "ಕ್ಯಾನು ಸೋರ್ತಿತ್ತು. ಗೋಣಿ ಕಟ್ಕ ಅಂದೋರು ಇವ್ರು. ಬರ್ಕಳಿ."

ದಫೇದಾರ ಗೌಡರನ್ನು ನೋಡಿದ. ಗೌಡರ ದನಿ ಎಂದೂ ಇಲ್ಲದಷ್ಟು ಮೆತ್ತಗಾಯಿತು.

"ತಲೆ ತಗ್ಸಪ್ಪಾ ಸೊಣ್ಣಪ್ಪ. ಡಾಕ್ಟ್ರು ಏಳವ್ರೆ. ನಿನ್ನ ಒಳ್ಳೇದಕ್ಕೇ ಕಣೋ."

ಕತ್ತಿನೊಳಗೆ ಏನೋ ಜಗ್ಗಿತು. ಗಾಯದ ಪಟ್ಟಿಯ ಅಂಚಿನಲ್ಲಿ ಒಂದಿಷ್ಟು ಕೆಂಪು ಕಾಣಿಸಿಕೊಂಡಿತು. ಕದಿರಮ್ಮ ಅದನ್ನು ಸೆರಗಿನ ತುದಿಯಿಂದ ಮೆಲ್ಲಗೆ ಒತ್ತಿ ಹಿಡಿದಳು. ಸೊಣ್ಣಪ್ಪ ಆ ನರುಳ್ಳೆಯನ್ನೇ ನೋಡುತ್ತಾ, ದಫೇದಾರನ ಪೆನ್ನು ಜೇಬಿನಿಂದ ಹೊರಗೆ ಬರುವುದನ್ನು ಕಾಯುತ್ತಾ ಕೂತ.