ನಿಂತ ನೀರು, ಕೂತ ದೇವಿ

ನಮ್ಮ ನೇಪಾಳಿ ಕ್ಯಾಲೆಂಡರಿನ ಅಸೋಜ್ ತಿಂಗಳ ಹಾಳೆಯನ್ನು ಅಚ್ಚು ಹಾಕುವವರು ಒಂದು ಸಲ ನನ್ನ ಜೊತೆ ಮನೆಮನೆ ತಿರುಗಬೇಕು. ಮೂರನೆಯ ತಾರೀಖು ಸಂವಿಧಾನ ದಿನ. ಹದಿನೇಳಕ್ಕೆ ಘಟಸ್ಥಾಪನೆ, ದಶೈಂ ಹಬ್ಬದ ಮೊದಲ ದಿನ. ಅದೇ ಚೌಕದ ಕೆಳಗೆ ಇರುವೆಯಂಥ ಅಕ್ಷರದಲ್ಲಿ ‘ಡೆಂಗಿ ನಿಯಂತ್ರಣ ವಾರ ಆರಂಭ’. ಅವರಿಗೆ ಒಂದು ಚೌಕದಲ್ಲಿ ಎರಡು ಸಾಲು ಹಿಡಿಸಿದರೆ ಕೆಲಸ ಮುಗಿಯಿತು. ಎರಡನ್ನೂ ಒಂದೇ ಮನೆಯಲ್ಲಿ ಹಿಡಿಸಬೇಕಾದವಳು ಸಿಮಲ್‌ಟಾರ್ ಟೋಲ್ ಎಂಬ ಕೇರಿಯ ಆರೋಗ್ಯ ಸ್ವಯಂಸೇವಿಕೆಯಾದ ನಾನು, ಹರಿಕಲಾ.

ಸಂವಿಧಾನ ದಿನಕ್ಕೆ ಪ್ರತಿ ಮನೆಯಲ್ಲೂ ದೀಪ ಹಚ್ಚಿ ಎಂದು ಡಂಗುರ ಹೊಡೆಸಿದರು. ಜನ ಹಚ್ಚಿದರು. ಆಮೇಲೆ ಹಣತೆಗಳನ್ನು ಗೋಡೆಯ ಮೇಲಿಂದ ಎತ್ತಿಡಿ ಎಂದು ಯಾರೂ ಹೇಳಲಿಲ್ಲ, ಯಾರೂ ಎತ್ತಲೂ ಇಲ್ಲ. ಮಳೆ ಬಂತು. ದೇಶಭಕ್ತಿಯ ಒಂದೊಂದು ಹಣತೆಯಲ್ಲೂ ಸೊಳ್ಳೆಮರಿಗಳು ಕುಣಿಯತೊಡಗಿದವು. ಅವನ್ನೆಲ್ಲ ಕವುಚಿ ಹಾಕುತ್ತ ಬರುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು.

ದಶೈಂನ ಆರನೆಯ ದಿನ ದಧಿರಾಮ ದಾಯಿಯ ಮನೆಗೆ ಹೋದೆ. ನನಗೆ ಅವರು ದಾಯಿ, ಅಂದರೆ ಅಣ್ಣ; ಅವರಿಗೆ ನಾನು ಬಹಿನಿ, ತಂಗಿ. ಪಕ್ಕದ ಖಗೇಂದ್ರನ ಮನೆಯಿಂದ ಇಬ್ಬರು ಡೆಂಗಿಯಿಂದ ಆಸ್ಪತ್ರೆ ಸೇರಿ ನಾಲ್ಕು ದಿನವಾಗಿತ್ತು. ದಾಯಿಯ ಸೊಸೆ ಪವಿತ್ರಾಗೆ ಏಳು ತಿಂಗಳು. ಬಸುರಿಗೆ ಈ ಜ್ವರ ಬಂದರೆ ತಾಯಿಗೂ ಅಪಾಯ, ಮಗುವಿಗೂ ಅಪಾಯ ಎಂದು ತರಬೇತಿಯಲ್ಲಿ ಮೂರು ಸಲ ಹೇಳಿದ್ದರು. ಹಾಗಾಗಿ ಆ ಮನೆಯ ಬಕೆಟ್ಟು, ಹಳೇ ಟೈರು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ ಎಲ್ಲವನ್ನೂ ಬರಿದು ಮಾಡಿದೆ. ಉಳಿದದ್ದು ದಶೈಂ ಕೋಣೆ. ಅಲ್ಲಿ ಕತ್ತಲೆಯಲ್ಲಿ ಜವೆ ಮೊಳಕೆ ಒಡೆಯುತ್ತಿರುತ್ತದೆ, ನಡುವೆ ನೀರು ತುಂಬಿದ ತಾಮ್ರದ ಕಲಶ. ಆ ಮನೆಯಲ್ಲಿ ಹೆಂಗಸರು ಅದರ ಹೊಸಿಲು ದಾಟುವಂತಿಲ್ಲ. ಮೂವತ್ತು ವರ್ಷದಿಂದ ಹೋಗಿಬರುತ್ತಿದ್ದರೂ ನಾನು ಅದರ ಒಳಗನ್ನು ಕಂಡಿಲ್ಲ.

“ದಾಯಿ, ಕಲಶದ ನೀರು ತುಂಬಿ ಆರು ದಿನ ಆಯ್ತಲ್ಲ?” ಎಂದೆ.

“ಆಯ್ತು. ಅದಕ್ಕೇನೀಗ?”

“ನಿಂತ ನೀರು.”

“ಅದು ನಿಂತ ನೀರಲ್ಲ ಬಹಿನಿ, ಕೂತ ದೇವಿ. ಹತ್ತನೇ ದಿನದವರೆಗೂ ಅಲ್ಲಾಡಿಸೋ ಹಾಗಿಲ್ಲ.”

“ಸೊಳ್ಳೆಗೆ ಅದು ಗೊತ್ತಾಗಬೇಕಲ್ಲ?”

“ಬಿ.ಎ. ಓದಿದ್ದಕ್ಕೆ ಈ ಮಾತು. ಒಳಗೆ ದಿನಾ ಧೂಪ ಹಾಕ್ತೀನಿ, ಸೊಳ್ಳೆ ಹೆಂಗೆ ಬರುತ್ತೆ?”

“ಧೂಪ ಅರ್ಧ ಗಂಟೆ. ಮಿಕ್ಕ ಹೊತ್ತಿಗೆ ಅದಕ್ಕೇನು ದಶೈಂ ರಜೆಯೇ?”

ಅಡುಗೆಮನೆಯಿಂದ ಅವರ ಹೆಂಡತಿ ತುಲಸಾ ಭಾವುಜು ಕೂಗಿದರು: “ಅವರಿಗೆ ಹೇಳೋ ಬದಲು ಆ ಸೊಳ್ಳೆಗೇ ಹೇಳು ಹರಿಕಲಾ, ಬೇಗ ಅರ್ಥ ಮಾಡ್ಕೊಳುತ್ತೆ!”

ನನ್ನ ಫಾರಂನಲ್ಲಿ ಎರಡೇ ಕಾಲಂ: ‘ಬರಿದು ಮಾಡಲಾಯಿತು’, ‘ನಿರಾಕರಿಸಿದರು’. ದೇವಿಗೆ ಕಾಲಂ ಇಲ್ಲ. ಮೇಲ್ವಿಚಾರಕನಿಗೆ ಫೋನು ಮಾಡಿದೆ. ಹಿಂದೆ ಬಸ್ಸಿನ ಹಾರನ್ನು. “ದಿದಿ, ನಾನು ಊರಿಗೆ ಹೊರಟೆ. ನಿರಾಕರಿಸಿದರು ಅಂತ ಗೀಟು ಎಳೆದು ಬಿಡಿ. ನಿಮಗೂ ಹಬ್ಬದ ಶುಭಾಶಯ!”

ಗೀಟು ಎಳೆಯಲು ಪೆನ್ನು ತೆಗೆದೆ, ನಿಜ. ಅಷ್ಟರಲ್ಲಿ ಪವಿತ್ರಾ ಮಲಗಿದ್ದ ಮಂಚ ಕಣ್ಣಿಗೆ ಬಿತ್ತು. ಹಗಲು ಹೊತ್ತಿನಲ್ಲೂ ಅದರ ಸುತ್ತ ಸೊಳ್ಳೆಪರದೆ, ಅಂಚನ್ನೆಲ್ಲ ಹಾಸಿಗೆಯ ಕೆಳಗೆ ಅಚ್ಚುಕಟ್ಟಾಗಿ ಸಿಕ್ಕಿಸಿತ್ತು.

“ಯಾರ ಪರದೆಯಮ್ಮ ಇದು?” ಎಂದೆ.

“ಬುವಾದು, ಫುಪು,” ಎಂದಳು ಸಣ್ಣ ದನಿಯಲ್ಲಿ. ಬುವಾ ಎಂದರೆ ಅವಳ ಮಾವ, ಫುಪು ಎಂದರೆ ಸೋದರತ್ತೆ, ಅಂದರೆ ನಾನು. “ನಂದು ಹರಿದಿತ್ತು. ದಿನಾ ಎರಡು ಹೊತ್ತೂ ನನ್ನ ಊಟ ಆದಮೇಲೆ ಅವರೇ ಬಂದು ಕಟ್ಟಿ ಹೋಗ್ತಾರೆ. ನಾನು ಕಟ್ಟಿದ್ರೆ ಸಂದಿ ಉಳಿಯುತ್ತಂತೆ.”

ಅವಳ ಮಾವನ ತೋಳು ನೋಡಿದೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಸೊಳ್ಳೆ ಕಚ್ಚಿದ ಗುಳ್ಳೆಗಳು. ಇಂಥ ಮನುಷ್ಯನ ಹೆಸರಿನ ಮುಂದೆ ‘ನಿರಾಕರಿಸಿದರು’ ಎಂದು ಬರೆಯುವುದು ಹೇಗೆ? ಬರೆಯದೆ ಇರುವುದಾದರೂ ಹೇಗೆ? ನನಗೆ ಇನ್ನಷ್ಟು ಸಿಟ್ಟು ಬಂತು.

“ದಾಯಿ, ಹತ್ತನೇ ದಿನ ಆ ನೀರನ್ನ ಏನು ಮಾಡ್ತೀರಿ?”

“ಎಲ್ಲರ ತಲೆ ಮೇಲೆ ಪ್ರೋಕ್ಷಣೆ ಮಾಡ್ತೀನಿ. ಗೊತ್ತಿಲ್ವೇನು?”

“ಪವಿತ್ರಾ ತಲೆ ಮೇಲೂ?”

“ಮೊದಲು ಅವಳಿಗೇ.”

“ಹಾಗಾದ್ರೆ ಇದನ್ನ ತಗೊಳ್ಳಿ.” ಟಾರ್ಚನ್ನು ಅವರ ಕೈಗಿಟ್ಟೆ. “ಚೆಲ್ಲಿ ಅನ್ನಲ್ಲ. ಎಲೆ ಸರಿಸಿ ಒಂದು ಸಲ ನೋಡಿ ಬನ್ನಿ. ಏನೂ ಇಲ್ಲ ಅಂದ್ರೆ ನಾನು ಹೊರಟೆ.”

ಗೊಣಗುತ್ತ ಒಳಗೆ ಹೋದರು. ಹೊರಗೆ ಬಂದವರು, “ನಿನ್ನ ಟಾರ್ಚ್ ಸರಿಯಿಲ್ಲ,” ಎಂದರು.

“ಹೊಸ ಸೆಲ್ಲು ಹಾಕಿದೀನಿ.”

“ಹಾಗಾದ್ರೆ ನನ್ನ ಕಣ್ಣು ಸರಿಯಿಲ್ಲ.”

ಭಾವುಜು ಸೌಟು ಹಿಡಿದೇ ಬಾಗಿಲಿಗೆ ಬಂದರು. “ಹುಳ ಇದೆಯೋ ಇಲ್ವೋ, ಅಷ್ಟು ಹೇಳಿ.”

“ಇದೆ,” ಎಂದು ದಾಯಿ ಅಲ್ಲೇ ಹೊಸಿಲ ಮೇಲೆ ಕುಳಿತರು. “ತುಂಬಾ ಇದೆ.” ಟಾರ್ಚು ಆರಿಸುತ್ತ, “ಕೂರಿಸಿದ ಕಲಶ ಎತ್ತೋ ಹಾಗಿಲ್ಲ. ಇಷ್ಟು ಜೀವ ತೆಗೆಯೋದು ಬೇರೆ,” ಎಂದರು.

“ಅಷ್ಟಮಿ ದಿನ ಊರೆಲ್ಲ ಮೇಕೆ ಕಡಿಯುತ್ತೆ, ಇವರಿಗೆ ಸೊಳ್ಳೆಮರಿ ಪಾಪ!” ಎಂದರು ಭಾವುಜು.

“ನಮ್ಮನೇಲಿ ಕಡಿಯೋದು ಕುಂಬಳಕಾಯಿ ಕಣೇ!”

“ಕುಂಬಳಕಾಯಿ ನಿಮ್ಮ ಸೊಸೇನ ಕಚ್ಚಲ್ಲ!”

ದಾಯಿ ಪರದೆಯ ಕಡೆ ನೋಡಿದರು. ಪವಿತ್ರಾ ಗೋಡೆಯ ಕಡೆ ಮುಖ ಮಾಡಿ ನಗು ತಡೆದುಕೊಳ್ಳುತ್ತಿದ್ದಳು, ಹೊಟ್ಟೆಯ ಮೇಲೆ ಕೈ.

ದಾಯಿ ಎದ್ದು ಕೈಕಾಲು ತೊಳೆದು ಪೂಜೆಯ ಉದ್ಧರಣೆ ತೆಗೆದುಕೊಂಡರು. ಉದ್ಧರಣೆ! ಚಹಾದ ಚಮಚದಷ್ಟು ನೀರು ಹಿಡಿಯುವಂಥದು. ಕಲಶವನ್ನು ಕೂದಲೆಳೆಯಷ್ಟೂ ಅಲ್ಲಾಡಿಸದೆ, ಒಂದೊಂದು ಉದ್ಧರಣೆಗೂ ದೇವಿಯ ಒಂದೊಂದು ಹೆಸರು ಹೇಳುತ್ತ ನೀರು ಮೊಗೆಯತೊಡಗಿದರು. ಬೋಗುಣಿ ತುಂಬಿದಾಗ ಹೊಸಿಲಿಗೆ ತಂದಿಡುವರು, ನಾನು ಒಯ್ದು ಅಂಗಳದ ಕಾದ ಚಪ್ಪಡಿಯ ಮೇಲೆ ಸುರಿಯುವೆ.

“ದಾಯಿ, ಸ್ವಲ್ಪ ದೊಡ್ಡ ಸೌಟು...”

“ಮಂತ್ರದ ನಡುವೆ ಮಾತಾಡಬೇಡ. ಮರೆತರೆ ಮೊದಲಿಂದ ಶುರು ಮಾಡಬೇಕಾಗುತ್ತೆ.”

ಬಾಯಿ ಮುಚ್ಚಿಕೊಂಡೆ. ಮುಂದಿನ ಹನ್ನೊಂದು ಮನೆಗಳು ಕಣ್ಣ ಮುಂದೆ ಬರುತ್ತಿದ್ದವು. ಭಾವುಜು ನನ್ನ ಮುಖ ನೋಡಿ ಒಂದು ಲೋಟ ಶುಂಠಿ ಚಹಾ ತಂದು ಪಕ್ಕದಲ್ಲಿಟ್ಟರು. ತಳಕ್ಕೆ ಉದ್ಧರಣೆ ಎಟುಕದಾದಾಗ ದಾಯಿ ಬಟ್ಟೆ ಅದ್ದಿ ಹಿಂಡಿದರು. ಒಳಗೋಡೆಗೆ ಮೊಟ್ಟೆ ಅಂಟಿರುತ್ತದೆ, ಉಜ್ಜಿ ಎಂದೆ. ಉಜ್ಜಿದರು. ಹೊಸ ನೀರು ಹೋದದ್ದೂ ಉದ್ಧರಣೆಯಲ್ಲೇ. ಕೊನೆಗೆ ಎಲೆಗಳ ಕೆಳಗೆ ಕಲಶದ ಬಾಯಿಗೆ ತೆಳುವಾದ ಕೆಂಪು ಬಟ್ಟೆ ಬಿಗಿದು, ಹಿಂದಕ್ಕೆ ಸರಿದು ಅಡ್ಡಬಿದ್ದರು. ಇಷ್ಟಕ್ಕೆ ಹಿಡಿದದ್ದು ಎರಡು ಗಂಟೆ ಹತ್ತು ನಿಮಿಷ.

“ಬುವಾ, ಈಗಲಾದ್ರೂ ಊಟ ಮಾಡಿ,” ಎಂದಳು ಪವಿತ್ರಾ.

ಅವರು ಊಟಕ್ಕೆ ಕೂರಲಿಲ್ಲ. ಖಗೇಂದ್ರನ ಮನೆಯ ಕಡೆ, ಅದರಾಚೆಯ ಮನೆಗಳ ಕಡೆ ನೋಡುತ್ತ ನಿಂತರು. “ಬಹಿನಿ, ಸೊಳ್ಳೆ ಎಷ್ಟು ದೂರ ಹಾರುತ್ತೆ?”

“ನಾಲ್ಕು ಮನೆ ದಾಟೋದು ಅದಕ್ಕೆ ಲೆಕ್ಕಕ್ಕಿಲ್ಲ ದಾಯಿ.”

“ಆ ಮನೆಗಳಲ್ಲೂ ಕಲಶ ಕೂರಿಸಿದಾರೆ.”

“ಹೌದು. ಎಲ್ಲೂ ನನ್ನನ್ನ ಆ ಕೋಣೆ ಒಳಗೆ ಬಿಡಲ್ಲ.”

“ನಿನ್ನ ಮಾತು ಯಾರು ಕೇಳ್ತಾರೆ?” ಎಂದು ಕೊಡೆ ತೆಗೆದುಕೊಂಡರು. ಉದ್ಧರಣೆಯನ್ನು ಜೇಬಿಗೆ ಹಾಕಿದರು. “ನಡಿ.”

ಖಗೇಂದ್ರನ ಅಪ್ಪ ಬಾಗಿಲಲ್ಲೇ ತಡೆದ. “ಕೂರಿಸಿದ ಕಲಶ ದಧಿರಾಮ, ಮುಟ್ಟೋ ಹಾಗಿಲ್ಲ.”

“ಮನೆಯವರಿಬ್ಬರು ಆಸ್ಪತ್ರೇಲಿ ಮಲಗಿದಾರೆ, ನಿನಗೆ ಶಾಸ್ತ್ರ! ಹಿಡಿ ಟಾರ್ಚು! ಹೊಸ ಸೆಲ್ಲು ಹಾಕಿದೆ, ಸರಿಯಿಲ್ಲ ಅನ್ನಬೇಡ!”

ಒಂದೊಂದು ಮನೆಯಲ್ಲೂ ವಾದ, ಮಂತ್ರ, ಉದ್ಧರಣೆ. ಸಂಜೆಯೊಳಗೆ ಹನ್ನೊಂದು ಮನೆ ಮುಗಿಸಬೇಕಿದ್ದ ನಾನು ಮೂರು ಮುಗಿಸಿದೆ. ಸರಿ, ಉಳಿದದ್ದು ನಾಳೆ ಬೆಳಿಗ್ಗೆ ಆರಕ್ಕೆ ಎಂದು ಹೇಳಿ ದಾಯಿ ಮನೆಗೆ ಹೊರಟರು, ಸೊಸೆಯ ಪರದೆ ಕಟ್ಟುವ ಹೊತ್ತಾಯಿತೆಂದು.